ಬಾಲದಿಂದ ಜೋಡಿಸಿದ ಎಂಟುನೂರು ಕಾರ್ಡು

ಒಂದು ಕಂಪ್ಯೂಟರಿಗೆ ಒಂದಿಡೀ ಕೋಣೆ ಬೇಕಾಗುತ್ತಿದ್ದ ಕಾಲದಲ್ಲಿ, ಅದಕ್ಕೆ ಉಣಿಸುವ ಕೆಲಸ ನಮ್ಮ ಸೋದರತ್ತೆಯದು. ಉಣಿಸುವುದೆಂದರೆ, ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು, ಸಾಲಾಗಿ ಜೋಡಿಸಿ ಅದರ ಬಾಯಿಗಿಡುವುದು. ಒಂದು ಕಾರ್ಡು ಹಿಂದುಮುಂದಾದರೂ ಲೆಕ್ಕವೆಲ್ಲ ಎಕ್ಕುಟ್ಟಿಹೋಗುತ್ತಿತ್ತು. ಮೂರು ತಿಂಗಳು ನೋಡುತ್ತೇವೆ, ಸರಿಹೋದರೆ ಕಾಯಂ, ಇಲ್ಲದಿದ್ದರೆ ಮನೆಗೆ ಎಂದಿದ್ದರು ವಿಭಾಗದ ಮುಖ್ಯಸ್ಥರು. ಅತ್ತೆಗೋ ಆ ಕೆಲಸವೆಂದರೆ ಪ್ರಾಣ. ಮದುವೆ ಮಾತೆತ್ತಿದವರಿಗೂ ಯಂತ್ರದ ಗುಣಗಾನ ಮಾಡಿ ಕಳಿಸುತ್ತಿದ್ದಳು.

ಮೂರನೇ ತಿಂಗಳ ಕೊನೆಯ ದಿನ, ಮಧ್ಯಾಹ್ನ ಎರಡಕ್ಕೆ, ಎಂಟುನೂರು ಕಾರ್ಡಿನ ಟ್ರೇ ಹಿಡಿದು ಹೊಸ್ತಿಲಲ್ಲಿ ಎಡವಿದಳು. ಕಾರ್ಡುಗಳು ಕಪಾಟಿನಡಿ, ಕುರ್ಚಿಯಡಿ, ಮುಖ್ಯಸ್ಥರ ಬೂಟಿನಡಿ. ಸರದಿಯಂತೆ ಅವರ ವಿಭಾಗಕ್ಕೆ ಯಂತ್ರ ಸಿಗುವುದು ಮೂರು ಗಂಟೆಗೆ. ಕಾರ್ಡು ವಿಂಗಡಿಸುವ ಇನ್ನೊಂದು ಯಂತ್ರ ರಿಪೇರಿಗೆ ಹೋಗಿತ್ತು.

ಪ್ರತಿ ಕಾರ್ಡಿನ ಮೂಲೆಯಲ್ಲೂ ಸಂಖ್ಯೆಯಿತ್ತು. ಮೊದಲು ನೂರರ ಅಂಕಿ ನೋಡಿ ಗುಂಪು ಮಾಡು, ಆಮೇಲೆ ಒಂದೊಂದು ಗುಂಪನ್ನೂ ಹತ್ತಾಗಿ ಒಡೆ ಎಂದು ಅಪ್ಪಣೆ ಕೊಟ್ಟು ಮುಖ್ಯಸ್ಥರು ಹೋದರು. ಅತ್ತೆ ಯೋಚಿಸಿದಳು: ಹಾಗೆ ಮಾಡಿದರೆ ಎಂಬತ್ತು ಗುಂಪು, ಇರುವುದು ಒಂದೇ ಮೇಜು. ಉಲ್ಟಾ ಹೊರಟಳು. ಮೊದಲು ಕೊನೆಯ ಬಿಡಿ ಅಂಕಿ ನೋಡಿ ಹತ್ತು ಗುಂಪು. ಸಾಲು ಕೆಡದಂತೆ ಒಂದರ ಹಿಂದೊಂದು ಸೇರಿಸಿ, ಹತ್ತರ ಅಂಕಿ ನೋಡಿ ಮತ್ತೆ ಹತ್ತು. ಕೈ ಚುರುಕಾದಂತೆ ಭಯ ಹಾರಿಹೋಗಿ, ನಗುವೇ ಬರತೊಡಗಿತು.

ಎರಡೂಮುಕ್ಕಾಲಿಗೆ ಮುಖ್ಯಸ್ಥರು ಬಂದು ಕಟ್ಟನ್ನು ಬಿಡಿಸಿ ನೋಡಿದರು. ಐನೂರ ಒಂದು, ಇನ್ನೂರ ಒಂದು, ಏಳುನೂರ ಒಂದು, ಅದರ ಬೆನ್ನಿಗೆ ಬರೀ ಎರಡು. ಅವರ ಮುಖ ಹರಳೆಣ್ಣೆ ಕುಡಿದಂತಾಯಿತು. ನಾಳೆಯಿಂದ ಬರಬೇಡ ಎಂದೇಬಿಟ್ಟರು.

"ಹತ್ತೇ ನಿಮಿಷ ಸಾರ್, ಆಮೇಲೆ ಬೈದ್ಬಿಡಿ," ಎಂದಳು ಅತ್ತೆ, ನಗು ತಡೆಯಲಾರದೆ.

ಉಳಿದಿದ್ದು ನೂರರ ಅಂಕಿಯ ಸುತ್ತೊಂದೇ. ಬಿಡಿ, ಹತ್ತರ ಸಾಲು ಆಗಲೇ ಸರಿಯಿದ್ದುದರಿಂದ, ನೂರರ ಗುಂಪಿಗೆ ಹಾಕುತ್ತಲೇ ಕಾರ್ಡುಗಳು ತಂತಮ್ಮ ಮನೆಗೆ ಬಂದು ಕೂತವು. ಮುಖ್ಯಸ್ಥರು ಒಂದರಿಂದ ಎಂಟುನೂರರವರೆಗೂ ಬೆರಳಾಡಿಸಿದರು, ಒಂದೂ ತಪ್ಪಿರಲಿಲ್ಲ. ಮೂರಕ್ಕೆ ಸರಿಯಾಗಿ ಯಂತ್ರ ಅಷ್ಟನ್ನೂ ಗಪಗಪನೆ ನುಂಗಿತು.

"ಹಿಂದಿನಿಂದ ಮಾಡ್ತೀನಿ ಅಂತ ಮೊದ್ಲೇ ಹೇಳೋಕೇನಾಗಿತ್ತಮ್ಮ?"

"ಹೇಳಿದ್ರೆ ಬಿಡ್ತಿದ್ರಾ ಸಾರ್?"

ಬಿಡುತ್ತಿರಲಿಲ್ಲ ಎಂದು ಒಪ್ಪಿಕೊಂಡು, ನಿಂತಲ್ಲೇ ಕಾಯಂ ಪತ್ರಕ್ಕೆ ಸಹಿ ಹಾಕಿದರು. ಆಮೇಲೆ ಯಂತ್ರ ಉಗುಳಿದ ಎಂಟುನೂರು ಕಾರ್ಡನ್ನೂ ತಾವೇ ನೆಲಕ್ಕೆ ಸುರಿದು, ಚೆನ್ನಾಗಿ ಕಲಸಿ, ಚಕ್ಕಳಮಕ್ಕಳ ಹಾಕಿ ಕೂತರು.

"ಈಗ ನಂಗೂ ಕಲಿಸು."