ಸೂಜಿಗಿಂತ ಮುಂಚೆ ಬರುವ ನೋವು

ಬೆಳಗಿನ ಐದೂ ಮುಕ್ಕಾಲು. ಹಾನಗಲ್ಲಿನ ಒಂದು ಪುಟ್ಟ ಡಯಾಲಿಸಿಸ್ ಕೇಂದ್ರದಲ್ಲಿ ಯಶೋಧರಾ ಯಂತ್ರದ ನಳಿಕೆಗಳಿಗೆ ಸಲೈನ್ ಹಾಯಿಸುತ್ತಿದ್ದಾರೆ. ಕಣ್ಣು ಮಾತ್ರ ಬಾಗಿಲ ಮೇಲಿದೆ. ಅಕ್ಕಿಆಲೂರಿನ ನಾಗವ್ವ ಮಂಗಳವಾರ ಬಂದಿಲ್ಲ, ಗುರುವಾರವೂ ಬಂದಿಲ್ಲ. ಇಂದು ಶನಿವಾರ. ಎರಡೂ ಕಿಡ್ನಿ ಸೋತವರು ಮೂರನೆಯ ಸರದಿಯನ್ನೂ ತಪ್ಪಿಸಿದರೆ ಹೃದಯವೇ ನಿಂತುಹೋಗಬಹುದು. ಫೋನು ಮಾಡಿದರೆ ಸೊಸೆ ಸುಧಾರಾಣಿಯದು ಒಂದೇ ಮಾತು: "ಸೂಜಿ ಅಂದ್ರ ಸಾಕ್ರಿ, ನಮ್ಮತ್ತಿ ಸೆರಗಿನ್ಯಾಗ ಕೈ ಮುಚ್ಕೊಂಡು ಕುಂದರ್ತಾರ."

ಯಶೋಧರಾಗೆ ಮೂವತ್ತನಾಲ್ಕು ವರ್ಷ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿ ಮಗಳಿಗೆ ಹುಬ್ಬಳ್ಳಿಯಲ್ಲಿ ಟೆಕ್ನಿಷಿಯನ್ ಕೋರ್ಸ್ ಓದಿಸಿದರು. ಒಂಬತ್ತು ವರ್ಷಗಳಿಂದ ಇದೇ ಕೆಲಸ. ಐದು ಯಂತ್ರ, ಎರಡು ಸರದಿ, ದಿನಕ್ಕೆ ಹತ್ತು ಜನ. ಒಬ್ಬೊಬ್ಬರಿಗೂ ಎರಡು ಸೂಜಿ: ರಕ್ತ ಹೊರಗೆ ಬರಲು ಒಂದು, ಶುದ್ಧವಾಗಿ ಒಳಗೆ ಹೋಗಲು ಇನ್ನೊಂದು. ಮಲಗಿದವರ ಕಣ್ಣಿಗೆ ಅದು ಸೂಜಿಯಲ್ಲ, ದಬ್ಬಣ. ವಾರಕ್ಕೆ ಮೂರು ಸಲ ಬರುವವರು ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಸೂಜಿಗಳಿಗೆ ಕೈಯೊಡ್ಡಬೇಕು.

ಸವಣೂರು, ಹಿರೇಕೆರೂರು ಕಡೆಯಿಂದ ಬರುವವರೂ "ಯಶೋಧರಕ್ಕನ ಕೈಲೇನ ಚುಚ್ಚಿಸ್ರಿ" ಎಂದು ಹಟ ಹಿಡಿಯುತ್ತಾರೆ. ಆಕೆಯ ಕೈಗುಣ ಒಳ್ಳೆಯದಂತೆ. ಜೊತೆಯ ಟೆಕ್ನಿಷಿಯನ್ ಫಯಾಜ ಅದೇ ಸೂಜಿಯನ್ನು ಅದೇ ಜಾಗಕ್ಕೆ ಚುಚ್ಚಿದರೆ ಚೀರುತ್ತಾರೆ. "ನಾನೇನು ಕೈಗೆ ಖಾರದಪುಡಿ ಹಚ್ಕೊಂಡ ಬಂದೇನೇನ್ರಿ?" ಎಂದು ಅವರು ನಗುತ್ತಾರೆ. ಯಶೋಧರಾ ನಗುವುದಿಲ್ಲ. "ನನ್ನ ಕೈಯಾಗ ಏನೂ ಇಲ್ರಿ. ನೋವಾಗಂಗಿಲ್ಲ ಅಂತ ನಂಬ್ಯಾರ, ಅದಕ್ಕ ಕಡಿಮಿ ಆಗತೈತಿ. ಆ ನಂಬಿಗಿ ಒಮ್ಮಿ ಮುರದ್ರ? ದಿನಾ ಅದ ಅಂಜಿಕಿ."

ಕೇಂದ್ರದ ವೈದ್ಯರೂ ಇದನ್ನೇ ಹೇಳುತ್ತಾರೆ. ಬರಲಿರುವ ನೋವನ್ನು ಮಿದುಳು ಮೊದಲೇ ಊಹಿಸಿಕೊಳ್ಳುತ್ತದೆ. ಊಹೆ ದೊಡ್ಡದಾದಷ್ಟೂ ಅದೇ ಸೂಜಿ ಹೆಚ್ಚು ನೋಯುತ್ತದೆ. ಹಾಗೆ ನೊಂದದ್ದು ಮುಂದಿನ ಸಲದ ಊಹೆಯನ್ನು ಮತ್ತಷ್ಟು ಬೆಳೆಸುತ್ತದೆ.

ನಾಗವ್ವನ ಆ ನಂಬಿಕೆ ಮುರಿದದ್ದು ಹೋದ ವಾರದ ಗುರುವಾರ. ತಾನಿಲ್ಲದ ದಿನ ಈ ರೋಗಿಗಳ ಗತಿಯೇನು ಎಂಬ ಚಿಂತೆಗೆ ಯಶೋಧರಾ ಒಂದು ಉಪಾಯ ಹೂಡಿದರು. ನಾಗವ್ವನ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಭುಜ ಹಿಡಿದು ಮಾತಾಡುತ್ತ, ಫಯಾಜರಿಂದ ಚುಚ್ಚಿಸಿದರು. ನಾಗವ್ವ ಹುಬ್ಬು ಕೂಡ ಗಂಟಿಕ್ಕಲಿಲ್ಲ. "ನೋಡ್ರಿ ಅಮ್ಮಾ, ಚುಚ್ಚಿದಾಂವ ನಾನು" ಎಂದು ಫಯಾಜ ಖುಷಿಯಲ್ಲಿ ಅಂದುಬಿಟ್ಟರು. ನಾಗವ್ವ ಅವರತ್ತ ನೋಡಲಿಲ್ಲ, ಯಶೋಧರಾರನ್ನು ನೋಡಿದರು. "ನೀನೂ ಮೋಸ ಮಾಡಿದೇನ ಯವ್ವಾ?" ಅದೇ ವಾರದ ಶನಿವಾರ ಸೂಜಿ ಯಶೋಧರಾ ಕೈಯಲ್ಲೇ ಇತ್ತು. ಆದರೂ ಸ್ಪಿರಿಟ್ ವಾಸನೆಗೇ ನಾಗವ್ವ ಕೈ ಹಿಂದಕ್ಕೆಳೆದುಕೊಂಡರು. ಬರೀ ಹತ್ತಿ ತಾಗಿದ್ದಕ್ಕೆ ಚೀರಿದರು. ಆಮೇಲೆ ಬರುವುದನ್ನೇ ಬಿಟ್ಟರು.

ಏಳು ಗಂಟೆಗೆ ಬಾಗಿಲು ಸರಿಯುತ್ತದೆ. ಸುಧಾರಾಣಿಯ ಹೆಗಲಿಗೆ ಒರಗಿ ನಾಗವ್ವ ಬರುತ್ತಾರೆ. ಮುಖ ಊದಿದೆ, ಎರಡು ಹೆಜ್ಜೆಗೊಮ್ಮೆ ನಿಂತು ಉಸಿರೆಳೆಯುತ್ತಾರೆ. ಹಾಸಿಗೆಯತ್ತ ಹೋಗದೆ ಕುರ್ಚಿಯಲ್ಲೇ ಕೂರುತ್ತಾರೆ. ಯಶೋಧರಾ ಎದುರಿಗೆ ನೆಲದ ಮೇಲೆ ಕೂತು ಹೇಳುತ್ತಾರೆ: "ನಾ ಮಾಡಿದ್ದು ತಪ್ಪಾತ್ರಿ. ಇವತ್ತ ಸುಳ್ಳ ಹೇಳಂಗಿಲ್ಲ. ಚುಚ್ಚತೇನಿ, ನೋವೂ ಆಗತೈತಿ. ಇರಿವಿ ಕಡದಷ್ಟ ಸಣ್ಣದಲ್ಲ, ಚೇಳು ಕಡದಷ್ಟ ದೊಡ್ಡದೂ ಅಲ್ಲ. ನೀವು ಹೂಂ ಅನ್ನೂತನಕ ಸೂಜಿ ಮುಟ್ಟಂಗಿಲ್ಲ."

"ನಾ ಅನ್ನದಿದ್ರ?"

"ಇಬ್ರೂ ಹಿಂಗ ಕುಂದ್ರೂಣು."

"ಹಂಗಾರ ಚಾ ತರಸು."

"ನಿಮಗ ನೀರ ಕುಡ್ಯಾಕೂ ಅಳತಿ ಐತ್ರಿ, ಚಾ ಎಲ್ಲಿಂದ ತರ್ಲಿ?"

ಸುಧಾರಾಣಿ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾರೆ. ನಾಗವ್ವ ಎದ್ದು ಮಲಗುತ್ತಾರೆ, ಈ ಸಲ ಗೋಡೆ ನೋಡುವುದಿಲ್ಲ, ಸೂಜಿಯನ್ನೇ ನೋಡುತ್ತಾರೆ. ಐದಾರು ನಿಮಿಷ ಯಶೋಧರಾ ಸೂಜಿ ಮುಟ್ಟದೆ ಕಾಯುತ್ತಾರೆ. ಕೊನೆಗೆ, "ಹೂಂ."

ಸೂಜಿ ಇಳಿಯುತ್ತದೆ. ನಾಗವ್ವ ಹಲ್ಲು ಕಚ್ಚುತ್ತಾರೆ, ಕೈ ಕದಲುವುದಿಲ್ಲ.

"ಎಷ್ಟ ನೋವಾತ್ರಿ?"

"ನೀ ಹೇಳಿದಷ್ಟ."

ಎರಡನೆಯದೂ ಆಗುತ್ತದೆ. ಯಂತ್ರ ತಿರುಗತೊಡಗಿದ ಮೇಲೆ ಯಶೋಧರಾ ಹೊರಗೆ ಬಂದು ಕೈಗವಸು ಕಳಚುತ್ತಾರೆ. ಬೆರಳುಗಳು ಬೆವರಿ ತೊಯ್ದಿವೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಒಳಗೆ ಮಲಗಿದ ನಾಗವ್ವನ ಕಡೆ ನೋಡುತ್ತಾರೆ.

"ಮಂಗಳವಾರ ಆ ಅಮ್ಮ ತಾವಾಗೇ ಬಂದು ಕೈ ಚಾಚ್ಬೇಕ್ರಿ. ಅಷ್ಟ ಸಾಕು."