ನಾನಿದ್ದರೆ ಹಿಂದೆ ಸರಿಯುವ ಕೈ

"ಅಮ್ಮನಿಗೆ ಉಸಿರಾಟದ್ದು ಸ್ವಲ್ಪ ತೊಂದರೆ ಉಂಟು ಮೇಡಂ. ಪುರುಸೊತ್ತಾದಾಗ ನೋಡ್ತೀರಾ?" ಬಂಟ್ವಾಳದ ಆಸ್ಪತ್ರೆಗೆ ಸೇರಿದ ಹೊಸತರಲ್ಲಿ ಒಬ್ಬ ಹೆಂಗಸು ನನ್ನನ್ನು ಹೀಗೆ ಕೇಳಿದಳು. ಸ್ಟ್ರೆಚರ್ ಮೇಲಿದ್ದ ಅವಳ ತಾಯಿಯ ತುಟಿ ನೀಲಿಗಟ್ಟಿತ್ತು. ನಮ್ಮ ಕುಷ್ಟಗಿ ಕಡೆಯಾಗಿದ್ದರೆ ಅಷ್ಟೊತ್ತಿಗೆ ಓಣಿಗೆ ಓಣಿಯೇ ಎದೆ ಬಡಿದುಕೊಂಡು ಬಂದಿರುತ್ತಿತ್ತು. ಇಲ್ಲಿನವರು ಸಾವಿನ ಎದುರೂ ಮೆಲ್ಲಗೆ ಮಾತಾಡುತ್ತಾರೆ.

ಶ್ವಾಸಕೋಶ ಕೈಕೊಟ್ಟ ಗಳಿಗೆಯಲ್ಲಿ ಏನು ಮಾಡಬೇಕೆಂದು ಐಸಿಯು ನರ್ಸ್‌ಗಳಿಗೆ ಕಲಿಸುವುದು ನನ್ನ ಕೆಲಸ. ಕೂಲಿ ಮಾಡಿದ ಅವ್ವನ ಮಗಳು ನಾನು, ನಮ್ಮ ಮನೆತನದ ಮೊದಲ ಪದವೀಧರೆ. ಹೇಳಿಕೊಳ್ಳಲು ಸಂಕೋಚವಿಲ್ಲ. ದನಿ ಎತ್ತದವಳಿಗೆ ನಮ್ಮೂರ ನಲ್ಲಿಯಲ್ಲಿ ನೀರೂ ಸಿಗದು, ಕಾಲೇಜಂತೂ ದೂರ. ಬಿ.ಸಿ.ರೋಡಿನ ಬಾಡಿಗೆ ಕೋಣೆಗೆ ಆ ದನಿಯನ್ನೂ ತಂದಿದ್ದೆ. ಅವ್ವನ ಜೊತೆ ಫೋನಿನಲ್ಲಿ ಮಾತಾಡಿದರೆ ಕೆಳಗಿನ ಮನೆಯ ಅಕ್ಕ ಮೆಟ್ಟಿಲು ಹತ್ತಿ ಬಂದು, "ಎಂತ, ಜಗಳವಾ?" ಎನ್ನುತ್ತಿದ್ದರು. ರೊಟ್ಟಿ ತಿನ್ನುವ ಆಸೆ ಎಂದಾಗ ಅವರೇ ತಂದುಕೊಟ್ಟರು. ಅಕ್ಕಿಯದು, ಹಪ್ಪಳದಂತೆ ಗರಿಗರಿ, ಕೋಳಿಸಾರಿನಲ್ಲಿ ನೆನೆಸಿ ತಿನ್ನುವುದು. ಜೋಳದ ರೊಟ್ಟಿಯನ್ನು ನೆನೆಯುತ್ತ ಅದನ್ನೇ ತಿಂದೆ.

ನನ್ನ ತರಬೇತಿಯಲ್ಲಿ ಎಲ್ಲರಿಗಿಂತ ಚುರುಕು ಕನ್ಯಾನದ ಪ್ರೇಮಾ. ಹಳೆಯ ಉಬ್ಬಸದವರು ವೆಂಟಿಲೇಟರ್ ಮೇಲಿರುವಾಗ ಕೆಲವೊಮ್ಮೆ ಯಂತ್ರ ಒಳಗೆ ತಳ್ಳಿದ ಗಾಳಿ ಹೊರಗೆ ಬರುವುದಿಲ್ಲ. ಎದೆ ಉಬ್ಬುತ್ತ ಹೋಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆಗ ಮೊದಲು ಯಂತ್ರದ ಕೊಳವೆ ಬಿಚ್ಚಿ ಗಾಳಿಯನ್ನು ಹೊರಗೆ ಬಿಡಬೇಕು. ಬದುಕಿಸುತ್ತಿರುವ ಯಂತ್ರವನ್ನೇ ಬಿಚ್ಚಲು ಯಾರಿಗೂ ಸುಲಭಕ್ಕೆ ಕೈ ಬಾರದು. ತರಬೇತಿಯ ಗೊಂಬೆಯ ಮೇಲೆ ಪ್ರೇಮಾ ಅದನ್ನು ಕಣ್ಣುಮುಚ್ಚಿ ಮಾಡುತ್ತಿದ್ದಳು.

ವಾಮದಪದವಿನ ಬೀಡಿ ಕಟ್ಟುವ ಹೆಂಗಸೊಬ್ಬರು ಉಬ್ಬಸದಿಂದ ವೆಂಟಿಲೇಟರ್ ಮೇಲಿದ್ದರು. ಒಂದು ಮಧ್ಯಾಹ್ನ ಅವರ ಯಂತ್ರ ಕೂಗಿಕೊಂಡಿತು. ನಾನು ಓಡಿ ಬಂದಾಗ ಪ್ರೇಮಾಳ ಕೈ ಕೊಳವೆಯ ಮೇಲಿತ್ತು. ನನ್ನನ್ನು ಕಂಡದ್ದೇ ಕೈ ತೆಗೆದಳು, ಹಿಂದೆ ಸರಿದು ದಾರಿ ಬಿಟ್ಟಳು. "ಬನ್ನಿ ಮೇಡಂ."

"ಏ, ಬಿಚ್ಚಬೇ! ನನ್ನ ಮುಖ ಏನ್ ನೋಡ್ತಿ!"

ಬಿಚ್ಚಿದಳು. ಸಿಕ್ಕಿಕೊಂಡ ಗಾಳಿ ಬುಸ್ಸೆಂದು ಹೊರಬಿತ್ತು, ರಕ್ತದೊತ್ತಡ ಮೆಲ್ಲಗೆ ಏರಿತು. ಆ ತಾಯಿ ಉಳಿದರು. ಆದರೆ ಪ್ರೇಮಾ ಇಡೀ ದಿನ ನನ್ನ ಕಡೆ ನೋಡಲಿಲ್ಲ. ಮರುದಿನ ಚಹಾದ ಹೊತ್ತಿಗೆ ಅವಳೇ ಬಂದು ಕುಳಿತಳು.

"ನನ್ನ ಅಪ್ಪ ಕೂಡ ನನಗೆ ಹಾಗೆ ಬೈದದ್ದಿಲ್ಲ ಮೇಡಂ."

"ಅದು ಬೈಗುಳ ಅಲ್ಲ, ನಮ್ಮ ಮಾತೇ ಹಾಗೆ. ಗೊತ್ತಿದ್ದೂ ಯಾಕೆ ಕೈ ತೆಗೆದೆ?"

"ಕಲಿಸಿದವರು ಎದುರಿಗೆ ಬಂದು ನಿಂತ ಮೇಲೆ ನಾನು ಕೈ ಹಾಕುವುದು ಹೇಗೆ?"

ಅವಳಿಗೆ ಅದು ಮರ್ಯಾದೆ. ನನಗೆ ಕಂಡದ್ದು ಅಪಾಯ. ಅವಳಿಗೆ ಪಾಠ ಬರುತ್ತಿತ್ತು; ಅಡ್ಡ ಬಂದದ್ದು ನಾನು. ನಾನು ಒಳಗಿದ್ದರೆ ಅವಳು ಕಾಯುತ್ತಾಳೆ, ರೋಗಿಗೆ ಕಾಯುವಷ್ಟು ಉಸಿರಿರುವುದಿಲ್ಲ. ಅಂದಿನಿಂದ ತರಬೇತಿಯಲ್ಲಿ ನಾನು ಗಾಜಿನ ಬಾಗಿಲಿನ ಹೊರಗೆ ನಿಲ್ಲತೊಡಗಿದೆ.

ಮೊನ್ನೆ ಮತ್ತೆ ಯಂತ್ರ ಕೂಗಿತು. ಈ ಬಾರಿ ಒಬ್ಬ ವೃದ್ಧರು. ಕಾಲು ತಾನಾಗಿ ಓಡಿತು, ಗಾಜಿನ ಬಾಗಿಲ ಹೊರಗೆ ಅದನ್ನು ತಡೆದೆ. ಒಳಗೆ ಕಿರಿಯ ಡಾಕ್ಟರು ಗಾಳಿ ಹೆಚ್ಚಿಸಲು ಯಂತ್ರದ ಗುಂಡಿ ತಿರುಗಿಸಲು ಹೊರಟಿದ್ದರು. "ಉಂತುಲೆ ಡಾಕ್ಟ್ರೆ!" ಎಂದಳು ಪ್ರೇಮಾ, ನಿಲ್ಲಿ ಅಂತ ತುಳುವಿನಲ್ಲಿ. ಅವಳಿಗೆ ಅಷ್ಟು ದೊಡ್ಡ ದನಿಯಿದೆಯೆಂದು ನನಗೆ ಗೊತ್ತಿರಲಿಲ್ಲ. ಕೊಳವೆ ಬಿಚ್ಚಿದಳು, ವೃದ್ಧರ ಉಬ್ಬಿದ ಎದೆ ಇಳಿಯಿತು. ಆಮೇಲೆ ಹೇಳಿದ್ದೆಲ್ಲ ತುಳುವೇ, ನನಗೆ ಒಂದಕ್ಷರ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ.

ಹೊರಗೆ ಬಂದವಳು ಬೆವರು ಒರೆಸುತ್ತ ಕೇಳಿದಳು, "ನೀವು ಇಲ್ಲಿ ಯಾಕೆ ನಿಂತದ್ದು ಮೇಡಂ?"

"ನೀ ಒಳಗಿದ್ದಿಯಲ್ಲ, ಅದಕ್ಕ."

ಸಂಜೆ ಇದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅವ್ವ ನಡುವೆಯೇ ತಡೆದಳು. "ಯವ್ವಾ, ಆರಾಮಿಲ್ಲೇನು? ದನಿ ಯಾಕ ಇಷ್ಟ ಸಣ್ಣಗ ಬರಾಕತ್ತೈತಿ? ನಮ್ಮನ್ಯಾಗಿನ ಹುಡುಗಿ ಮಾತಾಡಿದಂಗ ಅನಸವಲ್ದು."

ಜೋರಾಗಿ ಉತ್ತರಿಸಲು ಬಾಯಿ ತೆರೆದೆ. ಕೆಳಗಿನ ಮನೆಯ ಅಕ್ಕನ ನೆನಪಾಯಿತು. "ಆರಾಮ ಅದೀನವಾ" ಎಂದೆ, ಮೆಲ್ಲಗೆ.