ಮಿಸ್ ಮಲ್ರೆನನ್‌ಳ ನಾಲಿಗೆ

ನಮ್ಮ ಕಿಲ್‌ಬ್ರಾಕನ್ನಿನಲ್ಲಿ ಮಕ್ಕಳಿಗೆ ಕುಣಿತ ಕಲಿಸುತ್ತಿದ್ದ ಅಟ್ರಾಕ್ಟಾ ಮಲ್ರೆನನ್ ಎಂಬಾಕೆಯ ಪಾದಗಳು ಕುಣಿದದ್ದನ್ನು ಕಂಡವರು ಯಾರೂ ಉಳಿದಿರಲಿಲ್ಲ. ಆಕೆಯ ನಾಲಿಗೆ ಕುಣಿದದ್ದನ್ನು ಕಾಣದವರೂ ಯಾರೂ ಇರಲಿಲ್ಲ. ದೇವರು ಒಬ್ಬೊಬ್ಬರ ಒಂದೊಂದು ಅಂಗಕ್ಕೆ ಹೆಚ್ಚಿನ ಬಲವನ್ನಿತ್ತು, ಅದನ್ನು ಯಾವುದಕ್ಕೆ ಬಳಸಿದೆ ಎಂದು ಕಡೆಗೊಂದು ದಿನ ಕೇಳುತ್ತಾನೆಂಬುದು ನನ್ನ ನಂಬಿಕೆ. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಮೊದಲ ಸಾಲಿನಲ್ಲಿಯೇ ಕುಳಿತಿರುತ್ತಿದ್ದರೂ ಅಟ್ರಾಕ್ಟಾಳಿಗೆ ಆ ನಂಬಿಕೆ ಇದ್ದಂತೆ ತೋರಲಿಲ್ಲ.

ಊರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು ಶನಿವಾರಗಳಂದು ಚರ್ಚಿನ ಸಭಾಂಗಣಕ್ಕೆ ಹೋಗಿ ಆಕೆಯ ತರಗತಿಗೆ ಅಕಾರ್ಡಿಯನ್ ನುಡಿಸುತ್ತಿದ್ದೆ. ಆದ್ದರಿಂದ ಆಕೆಯ ಪಾಠಕ್ರಮವನ್ನು ನಾನು ಬಲ್ಲೆ. ವೇದಿಕೆಯ ಮೇಲೆ, ಗ್ಯಾಸಿನ ಹೀಟರ್ ಪಕ್ಕದಲ್ಲಿ, ಕುರ್ಚಿ ಹಾಕಿಸಿಕೊಂಡು, ಕಡು ಚಹಾದ ದೊಡ್ಡ ಲೋಟವನ್ನು ಹಿಡಿದು ಆಕೆ ಆಸೀನಳಾಗುವಳು. ಕೆಳಗೆ ಮಕ್ಕಳು. ನಮ್ಮ ಕುಣಿತದಲ್ಲಿ ಸೊಂಟದಿಂದ ಮೇಲೆ ದೇಹ ಕಲ್ಲಿನಂತಿರಬೇಕು, ಕೆಳಗೆ ಗಾಳಿಯಂತಿರಬೇಕು. ಕಲ್ಲಾಗುವುದನ್ನು ಆಕೆ ಕಲಿಸಬೇಕಾಗಿಯೇ ಇರಲಿಲ್ಲ; ಆಕೆಯನ್ನು ಕಂಡೊಡನೆ ಮಕ್ಕಳು ತಾವೇ ಕಲ್ಲಾಗುತ್ತಿದ್ದರು.

ಗಾಳಿಯಾಗುವ ಬಗೆಯನ್ನು ಮಾತ್ರ ಆಕೆ ತನ್ನ ಕೊರಳಲ್ಲಿ ಕಟ್ಟಿಟ್ಟುಕೊಂಡಿದ್ದಳು. ವಾದ್ಯ ಮೊದಲಾದಾಗ ಎಂಟು ಆವರ್ತಗಳವರೆಗೆ ಬಲಪಾದದ ತುದಿಯನ್ನು ಮುಂದಿಟ್ಟು ನಿಂತು, ಆಮೇಲೆ ತಾನಾಗಿಯೇ ಹೆಜ್ಜೆಯೆತ್ತುವುದು ಕುಣಿತ ಕಲಿಯುವವರ ಮೊದಲ ಪಾಠ. ಅಷ್ಟು ಹೊತ್ತು ಸಂಗೀತಕ್ಕೆ ಕಿವಿಗೊಟ್ಟು ನಿಲ್ಲುವ ಆ ವಿನಯದಿಂದಲೇ ಕಲೆಯೆಲ್ಲ ಹುಟ್ಟುತ್ತದೆ. ಅಟ್ರಾಕ್ಟಾ ಆ ಅವಕಾಶವನ್ನು ಮಕ್ಕಳಿಗೆ ಬಿಟ್ಟುಕೊಟ್ಟವಳಲ್ಲ. ನಾನು ಎಷ್ಟು ನುಡಿಸಿದರೂ ಆಕೆ ಒಮ್ಮೆ ಕೆಮ್ಮಿ, "ಹಾಂ, ಈಗ!" ಎಂದು ಅರಚುವವರೆಗೆ ಒಂದು ಬೆರಳೂ ಅಲುಗಕೂಡದು. ಅರಚಿದ ಮೇಲೆ ನಿಲ್ಲಿಸುವುದೂ ಇಲ್ಲ.

"ಹಾರು-ಎರಡು-ಮೂರು! ಮೊಣಕಾಲು ಎತ್ತೇ, ಆಲೂಗಡ್ಡೆ ಮೂಟೆ! ಹಿಂದೆ-ಎರಡು-ಮೂರು-ನಾಲ್ಕು! ಡೆರ್ವ್ಲಾ, ನಿಮ್ಮಮ್ಮನ ಥರ ತೊಡೆ ಎಳ್ಕೊಂಡು ಬರ್ಬೇಡ! ತಿರುಗು-ಎರಡು-ಮೂರು!"

ಬೈಗುಳ ಮತ್ತು ಎಣಿಕೆ ಹೀಗೆ ಹೆಣೆದುಕೊಂಡು ಒಂದೇ ಮಂತ್ರವಾಗಿದ್ದವು. ವಾರವಾರವೂ ಒಂದಕ್ಷರ ಬದಲಾಗದು. ಯಾವ ಬೈಗುಳದ ಮೇಲೆ ಯಾವ ಕಾಲು ಏಳಬೇಕೆಂಬುದು ಮಕ್ಕಳಿಗೆ ಕಂಠಪಾಠ. ತಾಯಂದಿರಿಗೆ ಒಳಗೆ ಪ್ರವೇಶವಿರಲಿಲ್ಲ. "ಅಮ್ಮನ್ನ ಕಂಡ್ರೆ ಮಕ್ಕಳ ಮೊಣಕಾಲು ಮೆತ್ತಗಾಗ್ತವೆ" ಎಂಬುದು ಆಕೆಯ ಸಿದ್ಧಾಂತ. ಅವರು ಹೊರಗೆ ಕಾರುಗಳಲ್ಲಿ ಕುಳಿತು, ಒಳಗಿನ ಅರಚಾಟದ ಮಾತುಗಳು ತಿಳಿಯದಿದ್ದರೂ ಅದರ ಏರುದನಿಯನ್ನು ಆಲಿಸಿ, "ಶಿಸ್ತು ಅಂದ್ರೆ ಇದು" ಎಂದು ತಲೆದೂಗುತ್ತಿದ್ದರು.

ಆ ವರ್ಷ ಈಸ್ಟರ್ ಕಳೆದ ವಾರ ನಮ್ಮ ಪಾದ್ರಿಗಳಾದ ಫಾದರ್ ಗ್ಯಾರಹಿ ತರಗತಿ ಮುಗಿಯುವ ಹೊತ್ತಿಗೆ ಬಂದರು. ಅವರದು ಯಾರಿಗೂ ಬೇಸರವಾಗಬಾರದೆಂಬ ಒಂದೇ ಧರ್ಮ. ಅದನ್ನು ಅವರು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು.

"ಅಟ್ರಾಕ್ಟಾ, ಬಾಯ್ಲ್ ಊರಿಂದ ಆ ಕ್ಲೀನಾ ಅನ್ನೋ ಹುಡುಗಿ ಶನಿವಾರ ಈ ಜಾಗ ಕೇಳ್ತಿದಾಳೆ. ಅವಳೂ ಕುಣಿತ ಕಲಿಸ್ತಾಳಂತೆ. ಚರ್ಚಿನ ಸಮಿತಿಯಲ್ಲಿ ಅರ್ಧ ಜನ ಆ ಕಡೆ ವಾಲಿದಾರೆ."

"ಆ ಬೆಂಕಿಕಡ್ಡಿಗಾ? ಅವಳು ಮಕ್ಕಳಿಗೆ ‘ಚೆನ್ನಾಗಿದೆ ಪುಟ್ಟಾ, ಚೆನ್ನಾಗಿದೆ ಪುಟ್ಟಾ’ ಅಂತಾಳಂತೆ ಫಾದರ್. ಹಸುಗೆ ಹಾಗಂದ್ರೆ ಕೊಟ್ಟಿಗೆಯಿಂದ ಏಳಲ್ಲ ಅದು."

"ಅದೆಲ್ಲ ನಂಗೊತ್ತಾಗಲ್ಲಮ್ಮ. ಈ ಸಲ ನಿಮ್ಮ ಚಿಕ್ಕ ಮಕ್ಕಳು ಎಲ್ರೂ ಕುಣಿತದ ಮೊದಲನೇ ದರ್ಜೆ ಪರೀಕ್ಷೆ ಪಾಸಾದ್ರೆ ಜಾಗ ನಿಮ್ದೇ. ಒಂದು ಮಗು ಫೇಲಾದ್ರೂ ಕ್ಲೀನಾಗೆ ಕೊಡ್ತೀವಿ ಅಂತ ತೀರ್ಮಾನ ಆಗಿದೆ. ನಂದೇನಿಲ್ಲ ಇದ್ರಲ್ಲಿ."

ಆಕೆ ಚಹಾದ ಲೋಟವನ್ನು ಕೆಳಗಿಟ್ಟದ್ದನ್ನು ನಾನು ಮೊದಲ ಬಾರಿಗೆ ಕಂಡೆ. ಆಕೆಯ ಪಾಲಿಗೆ ವಾರದಲ್ಲಿದ್ದದ್ದು ಆ ಒಂದೇ ದಿನ. ಉಳಿದ ದಿನಗಳಲ್ಲಿ ಆಕೆ ಅಣ್ಣನ ಬಟ್ಟೆಯಂಗಡಿಯ ಹಿಂಬದಿಯಲ್ಲಿ ಗುಂಡಿ ಆರಿಸಿಡುವ, ಅತ್ತಿಗೆ ಕರೆದಾಗ ಓಡುವ, ಅತ್ತಿಗೆ ಗದರಿಸಿದಾಗ ತಲೆತಗ್ಗಿಸುವ ಮುದಿಗನ್ನೆ. ವೇದಿಕೆಯ ಆ ಕುರ್ಚಿ ಹೋದರೆ ಇಡೀ ವಾರವೂ ಅತ್ತಿಗೆಯದೇ. ಇದನ್ನು ಬಲ್ಲವರು ಆಕೆಯನ್ನು ಕನಿಕರಿಸಬೇಕಾದುದು ನ್ಯಾಯ. ಆದರೆ ಅತ್ತಿಗೆಯಿಂದ ತಾನು ತಿಂದದ್ದನ್ನೆಲ್ಲ ಶನಿವಾರ ಏಳು ವರ್ಷದ ಕೂಸುಗಳಿಗೆ ಉಣಬಡಿಸುವವಳ ಮೇಲೆ ಕನಿಕರವನ್ನು ಎಷ್ಟೆಂದು ಸುರಿಯುವುದು?

ಅಂದಿನಿಂದ ಆಕೆಯ ಸಿದ್ಧತೆ ಮೊದಲಾಯಿತು. ಎಂದರೆ, ಇದ್ದ ದನಿ ಇನ್ನಷ್ಟು ಏರಿತು. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳ ಕೂದಲನ್ನು ಚಿಂದಿಬಟ್ಟೆಯಲ್ಲಿ ಸುತ್ತಿ ಕಟ್ಟಿ ಗುಂಗುರು ಮಾಡಬೇಕೆಂದು ತಾಯಂದಿರಿಗೆ ಕಟ್ಟಪ್ಪಣೆ ಹೋಯಿತು. ಪರೀಕ್ಷಕರು ನೋಡುವುದು ಪಾದವನ್ನು. ನಮ್ಮೂರಿನವರು ಸಿದ್ಧಪಡಿಸಿದ್ದು ತಲೆಯನ್ನು, ಅದೂ ಹೊರಭಾಗವನ್ನು ಮಾತ್ರ.

ಒಂದು ದಿನ ನಾನು ತಡೆಯಲಾರದೆ ಹೇಳಿದೆ. ನಾವಿಬ್ಬರೂ ಒಂದೇ ತರಗತಿಯಲ್ಲಿ ಓದಿದವರಾದ್ದರಿಂದ ಅಷ್ಟು ಸಲುಗೆಯಿತ್ತು. "ಅಟ್ರಾಕ್ಟಾ, ಪರೀಕ್ಷೆ ನಡೆಯೋವಾಗ ಕಲಿಸಿದವರು ಒಳಗಿರೋ ಹಾಗಿಲ್ಲ. ಒಂದೇ ಒಂದ್ಸಲ ನೀನು ಸುಮ್ನಿರು. ಮಕ್ಕಳು ವಾದ್ಯ ಕೇಳ್ಕೊಂಡು ಕುಣೀಲಿ."

"ನಿನ್ನ ಪೆಟ್ಟಿಗೆ ಕೇಳ್ಕೊಂಡಾ? ಅದನ್ನ ಕೇಳಿ ಕುಣಿದ್ರೆ ಕುಂಟೋದು ಕಲೀತಾವೆ ಅಷ್ಟೆ. ಸುಮ್ನೆ ಗಾಳಿ ಹಾಕ್ತಾ ಕೂತ್ಕೋ ಕೋಲ್ಮನ್, ಕಲಿಸೋರು ಕಲಿಸ್ತಾರೆ."

ಪರೀಕ್ಷೆಯ ದಿನ ಬಂದಿತು. ಪರೀಕ್ಷಕಿ ಮಿಸ್ ಟ್ವೂಮಿ ದೂರದ ಕಾರ್ಕ್ ಪಟ್ಟಣದವರು. ಅಗಲ ಮುಖ, ಮೆಲುಮಾತು, ಕಾಲಿಗೆ ಮೆತ್ತನೆಯ ಚಪ್ಪಲಿ. ಸಭಾಂಗಣದ ನಡುವೆ ಮೇಜು ಹಾಕಿಕೊಂಡು ಕುಳಿತರು. ವಾದ್ಯಕ್ಕೆ ನಾನು. ತಾಯಂದಿರೂ ಅಟ್ರಾಕ್ಟಾಳೂ ಹೊರಗಿನ ಪಡಸಾಲೆಯಲ್ಲಿ ಉಳಿದರು, ಬಾಗಿಲು ಮುಚ್ಚಿತು.

ಮೊದಲು ಒಳಬಂದ ಜೋಡಿ ಡೆರ್ವ್ಲಾ ಟಿಯರ್ನಿ ಮತ್ತು ಓರ್ನಾ ಫೀಲಿ. ಓರ್ನಾ ನಮ್ಮ ಅಂಚೆಯವನ ಮಗಳು, ಕಡ್ಡಿಯಂಥ ಹುಡುಗಿ. ಇಡೀ ತರಗತಿಯಲ್ಲಿ ಹುಟ್ಟಿನಿಂದಲೇ ಪಾದ ಹಗುರವಾಗಿದ್ದದ್ದು ಅವಳೊಬ್ಬಳಿಗೆ. ಇಬ್ಬರೂ ಬಲಪಾದದ ತುದಿಯನ್ನು ಮುಂದಿಟ್ಟು ನಿಂತರು. ನಾನು ರೀಲ್ ಎಂಬ ಚುರುಕು ಕುಣಿತದ ಧಾಟಿಯನ್ನು ನುಡಿಸಿದೆ. ಎಂಟು ಆವರ್ತಗಳು ಕಳೆದವು. ಮತ್ತೆ ಎಂಟು ಕಳೆದವು. ಗುಂಗುರುಗೂದಲ ಎರಡು ಗೊಂಬೆಗಳು ಅಲುಗಲಿಲ್ಲ. ನಾನು ಆ ಧಾಟಿಯನ್ನು ಕಡೆಯವರೆಗೆ ನುಡಿಸಿ ಮತ್ತೆ ಮೊದಲಿನಿಂದ ಹಿಡಿದೆ.

ಮಿಸ್ ಟ್ವೂಮಿ ಕೈಯೆತ್ತಿ ನನ್ನನ್ನು ನಿಲ್ಲಿಸಿದರು. "ಯಾಕಮ್ಮ, ಶುರು ಮಾಡಲ್ವಾ?"

"ಮಿಸ್ ಇನ್ನೂ ಹೇಳಿಲ್ಲ" ಎಂದಳು ಡೆರ್ವ್ಲಾ.

"ನಾನು ಹೇಳ್ತಿದೀನಲ್ಲ, ಶುರು ಮಾಡಿ."

"ನೀವು ಮಿಸ್ ಅಲ್ಲ."

"ನಿಮ್ಮ ಮಿಸ್ ಇಲ್ಲಿಲ್ಲ ಪುಟ್ಟಾ."

"ಇದಾರೆ. ಬಾಗಿಲ ಹಿಂದೆ. ಉಸಿರಾಡೋದು ಕೇಳ್ಸುತ್ತೆ."

ಬಾಗಿಲ ಹಿಂದಿನ ಉಸಿರು ಇನ್ನು ತಡೆಯಲಾರದೆ ಸಿಡಿಯಿತು: "ಹಾಂ, ಈಗ! ಹಾರು-ಎರಡು-ಮೂರು!" ವಾದ್ಯವೇ ಇಲ್ಲದೆ ಇಬ್ಬರು ಮಕ್ಕಳೂ ಕೀಲಿ ಕೊಟ್ಟಂತೆ ಹಾರಿದರು. ಮಿಸ್ ಟ್ವೂಮಿ ಎದ್ದು ಹೋಗಿ ಬಾಗಿಲನ್ನು ಸರಕ್ಕನೆ ತೆರೆದರು. ಬೀಗದ ಕಂಡಿಗೆ ಬಾಯಿಟ್ಟು ಬಗ್ಗಿದ್ದ ಅಟ್ರಾಕ್ಟಾ ಮುಗ್ಗರಿಸಿ ಒಳಬಂದಳು.

"ಪರೀಕ್ಷೆಗೆ ನೀವೂ ಕೂತಿದೀರಾ?" ಎಂದು ಮಿಸ್ ಟ್ವೂಮಿ ಬಲು ಮೃದುವಾಗಿ ಕೇಳಿದರು.

"ಇಲ್ಲ... ಮಕ್ಕಳು ಸ್ವಲ್ಪ ಹೆದರಿದಾವೆ ಅಂತ..."

"ಕೂತಿದ್ರೆ ಪಾಸು ನೀವು. ಶ್ವಾಸಕೋಶ ಗಟ್ಟಿ ಇದೆ. ಈಗ ರಸ್ತೆ ದಾಟಿ ಚರ್ಚಿಗೆ ಹೋಗಿ ಕೂತ್ಕೊಳ್ಳಿ. ಜಪಸರ ತಂದಿದ್ರೆ ಒಳ್ಳೇದು, ಬಾಯಿಗೆ ಕೆಲ್ಸ ಇರುತ್ತೆ. ಇನ್ನೊಂದ್ಸಲ ನಿಮ್ಮ ದನಿ ಕೇಳಿದ್ರೆ ಎಲ್ಲಾ ಮಕ್ಕಳೂ ಫೇಲು."

ಅಟ್ರಾಕ್ಟಾ ಹೋದಳು. ಬಿಳುಚಿದ ಆ ಮುಖದಲ್ಲಿ ಅತ್ತಿಗೆಯ ಮುಂದೆ ನಿಲ್ಲುವ ಹೆಂಗಸನ್ನು ತಾಯಂದಿರು ಮೊದಲ ಬಾರಿಗೆ ಕಂಡರು. ಕಂಡು ಪರಸ್ಪರ ಮೊಣಕೈ ತಿವಿದುಕೊಂಡರು.

ಬಾಗಿಲು ಮುಚ್ಚಿದ ಮೇಲೆ ನಾನು ಮತ್ತೆ ನುಡಿಸಿದೆ. ಮತ್ತೆ ಅದೇ ಕಲ್ಲುಗಳು. ಡೆರ್ವ್ಲಾಳ ಕೆಳತುಟಿ ನಡುಗತೊಡಗಿತು. ಆಗ ಓರ್ನಾ ಕೇಳಿದಳು: "ನಾನು ಮಿಸ್ ಆಗ್ಲಾ?"

"ಹಾಗಂದ್ರೆ?"

ಓರ್ನಾ ಗದ್ದವನ್ನು ಮೇಲೆತ್ತಿ, ಕಣ್ಣನ್ನು ಕಿರಿದು ಮಾಡಿ, ಒಮ್ಮೆ ಕೆಮ್ಮಿದಳು. ನನ್ನ ಕೈ ತಾನಾಗಿ ತಾಳಕ್ಕೆ ಬಂತು. ಅದು ಅಟ್ರಾಕ್ಟಾಳ ಕೆಮ್ಮೇ. "ಹಾಂ, ಈಗ! ಹಾರು-ಎರಡು-ಮೂರು! ಮೊಣಕಾಲು ಎತ್ತೇ, ಆಲೂಗಡ್ಡೆ ಮೂಟೆ! ಹಿಂದೆ-ಎರಡು-ಮೂರು-ನಾಲ್ಕು! ಡೆರ್ವ್ಲಾ, ನಿಮ್ಮಮ್ಮನ ಥರ ತೊಡೆ ಎಳ್ಕೊಂಡು ಬರ್ಬೇಡ! ತಿರುಗು-ಎರಡು-ಮೂರು! ಓರ್ನಾ, ಬಾಯಿ ಮುಚ್ಚು, ನೊಣ ಹೋಗುತ್ತೆ!" ತನಗೆ ಬರಬೇಕಾದ ಬೈಗುಳವನ್ನೂ ಅದರದರ ಜಾಗದಲ್ಲಿ ತಾನೇ ಬೈದುಕೊಂಡು ಅವಳು ಕುಣಿದಳು. ಡೆರ್ವ್ಲಾಳ ತುಟಿಯ ನಡುಕ ನಿಂತಿತು. ಪಾದಗಳು ಸರಾಗವಾಗಿ ಎದ್ದವು.

ಮಿಸ್ ಟ್ವೂಮಿ ಮೊದಲು ನಕ್ಕರು. ಆಮೇಲೆ ನಗಲಿಲ್ಲ. "ನಂಗೆ ಪಾದ ನೋಡು ಅಂತ ಹೇಳಿ ಕಳ್ಸಿದಾರೆ ಮೇಷ್ಟ್ರೇ" ಎಂದರು ನನ್ನ ಕಡೆ ತಿರುಗಿ, "ನಾಲಿಗೆ ವಿಷಯ ನಿಯಮದಲ್ಲಿ ಏನೂ ಬರ್ದಿಲ್ಲ." ಓರ್ನಾಳನ್ನು ಅಲ್ಲಿಯೇ ನಿಲ್ಲಿಸಿಕೊಂಡು ಉಳಿದವರನ್ನು ಜೋಡಿಜೋಡಿಯಾಗಿ ಕರೆದರು.

ಓರ್ನಾಳ ಕಂಠ ಎಳೆಯದು, ತೆಳುವಾದುದು, ಬಾಗಿಲನ್ನು ದಾಟುವಂಥದು. ಅಟ್ರಾಕ್ಟಾಳ ದಪ್ಪ ಅರಚಾಟದಲ್ಲಿ ಇಷ್ಟು ವರ್ಷ ಕಲಸಿಹೋಗಿದ್ದ ಮಾತುಗಳು ಈಗ ಒಂದೊಂದಾಗಿ, ಸ್ಫುಟವಾಗಿ, ಪಡಸಾಲೆಯ ತಾಯಂದಿರನ್ನು ಮುಟ್ಟಿದವು. "ಕಿಯಾರಾ, ಕತ್ತು ಎತ್ತು! ನಿಮ್ಮನೇಲಿ ಯಾರಿಗೂ ಕತ್ತೇ ಇಲ್ವಾ?" "ಮ್ಯೂರಿಯನ್, ಅದು ರೀಲಾ? ನಿಮ್ಮಪ್ಪ ಪಬ್ಬಿಂದ ಮನೆಗೆ ಬರೋ ನಡಿಗೆ ಅದು!"

ಕಡೆಯ ಜೋಡಿ ಮುಗಿಯುವ ಹೊತ್ತಿಗೆ ಫಾದರ್ ಗ್ಯಾರಹಿ ಕೇಕು ಹಿಡಿದು ಬಂದರು. ಮಿಸ್ ಟ್ವೂಮಿ ಹೇಳಿದರು: "ಎಲ್ಲಾ ಮಕ್ಕಳೂ ಪಾಸು. ಪಾದ ಚೆನ್ನಾಗಿವೆ. ಆದ್ರೆ ಫಾದರ್, ಅವರಲ್ಲಿ ಒಬ್ರೂ ಸಂಗೀತ ಕೇಳಿಲ್ಲ. ಬೈಸ್ಕೊಂಡು ಕುಣಿದ್ರು."

"ಆದ್ರೂ ಪಾಸು ತಾನೆ?"

"ಪಾಸು."

"ದೇವರು ದೊಡ್ಡವನು" ಎಂದು ಪಾದ್ರಿಗಳು ಕೇಕನ್ನು ಕತ್ತರಿಸಿದರು. ಸಮಿತಿಯಲ್ಲಿ ಜಗಳವಾಗುವ ಭಯ ತಪ್ಪಿತ್ತು. ಅದಕ್ಕಿಂತ ದೊಡ್ಡ ಕೃಪೆಯನ್ನು ಅವರು ಬೇಡಿದವರಲ್ಲ.

ತಾಯಂದಿರು ದಂಗೆಯೆದ್ದಾರೆಂದು ನಾನು ಕಾದೆ. ಡೆರ್ವ್ಲಾಳ ತಾಯಿ ಫಿಲೊಮಿನಾ ಟಿಯರ್ನಿ ಕೆಂಪಾಗಿ ನಿಂತಿದ್ದಳು ನಿಜ.

"ತೊಡೆ ಎಳ್ಕೊಂಡು ಬರ್ತೀನಂತೆ ನಾನು! ನಾಳೇನೇ ಡೆರ್ವ್ಲಾನ ಕ್ಲೀನಾ ಹತ್ರ ಸೇರಿಸ್ತೀನಿ ನೋಡು."

"ಪಾಸಾಗಿದಾಳಂತೆ ಕಣೇ" ಎಂದಳು ಕಿಯಾರಾಳ ತಾಯಿ.

"ಹೌದಾ?" ಫಿಲೊಮಿನಾ ದನಿ ತಗ್ಗಿಸಿದಳು. "ಏನೇ ಹೇಳು, ಮ್ಯೂರಿಯನ್ ಅಪ್ಪನ ನಡಿಗೆ ಮಾತ್ರ ಸರಿಯಾಗಿ ಹಿಡಿದಿದಾಳೆ ಅಟ್ರಾಕ್ಟಾ."

ಇಬ್ಬರೂ ಬಾಯಿಗೆ ಕೈಯಡ್ಡ ಹಿಡಿದು ನಕ್ಕರು. ತನಗೆ ತಗುಲಿದ ಪೆಟ್ಟನ್ನು ನೆರೆಯವಳಿಗೆ ತಗುಲಿದ ಪೆಟ್ಟು ಮಾಯಿಸಿತು. ಕ್ಲೀನಾಳ ಹೆಸರನ್ನು ಮತ್ತಾರೂ ಎತ್ತಲಿಲ್ಲ.

ಅಟ್ರಾಕ್ಟಾಳನ್ನು ಕರೆತರಲು ಚರ್ಚಿಗೆ ಹೋದವನು ನಾನು. ಜಪಸರ ಕೈಯಲ್ಲಿತ್ತು, ಬೆರಳು ಮೊದಲ ಮಣಿಯ ಮೇಲೆಯೇ ಇತ್ತು. "ಎಲ್ಲರೂ ಪಾಸು, ಜಾಗ ನಿಂದೇ" ಎಂದಾಗ ಆಕೆ ಕಣ್ಣು ಮುಚ್ಚಿಕೊಂಡಳು. ಅದು ಹೇಗಾಯಿತೆಂಬುದನ್ನೂ ಹೇಳಿದೆ. ಹೇಳಿ, ಆ ಮುಖದಲ್ಲಿ ನಾಚಿಕೆಯನ್ನು ಹುಡುಕಿದೆ.

"ನನ್ನ ಥರಾನೇ ಮಾಡಿದ್ಲಾ?"

"ನಿನ್ನ ಥರಾನೇ. ಬೈಗುಳ ಸಮೇತ. ತಾಯಂದಿರೂ ಕೇಳಿಸ್ಕೊಂಡ್ರು."

"ಕೆಮ್ಮೂ?"

"ಕೆಮ್ಮೂ."

ಆಕೆ ಎದ್ದು ಪೀಠದ ಕಡೆಗೆ ಮೊಣಕಾಲು ಬಗ್ಗಿಸಿ, ಸ್ಕರ್ಟನ್ನು ಸರಿಪಡಿಸಿಕೊಂಡಳು. "ನೋಡ್ದ್ಯಾ ಕೋಲ್ಮನ್? ಕಲಿಸೋರು ಕಲಿಸಿದ್ರೆ ಏನು ಬೇಕಾದ್ರೂ ಕಲೀತಾವೆ ಮಕ್ಕಳು." ದೇವಸನ್ನಿಧಿಯಲ್ಲಿ ನಿಂತು ಅಷ್ಟು ತೃಪ್ತವಾಗಿ ನಕ್ಕ ಮುಖವನ್ನು ನಾನು ಮತ್ತೆ ಕಂಡಿಲ್ಲ.

ಮುಂದಿನ ಶನಿವಾರ ವೇದಿಕೆಯ ಮೇಲೆ ಎರಡು ಕುರ್ಚಿಗಳಿದ್ದವು. ದೊಡ್ಡದರಲ್ಲಿ ಅಟ್ರಾಕ್ಟಾ ಚಹಾ ಕುಡಿಯುತ್ತ ಕೊರಳಿಗೆ ವಿಶ್ರಾಂತಿ ಕೊಟ್ಟಿದ್ದಳು. ಚಿಕ್ಕದರ ಮೇಲೆ ಓರ್ನಾ ನಿಂತಿದ್ದಳು. ತರಗತಿಯಲ್ಲಿ ಎಲ್ಲರಿಗಿಂತ ಹಗುರವಾಗಿದ್ದ ಆ ಪಾದಗಳು ಅಂದಿನಿಂದ ನೆಲದ ಮೇಲೆ ಕುಣಿಯಲಿಲ್ಲ. ಕೆಳಗೆ ಹೊಸದಾಗಿ ಸೇರಿದ್ದ ಒಂದು ಪುಟ್ಟ ಮಗು ಮೂಲೆಯಲ್ಲಿ ನಿಂತು ಬಿಕ್ಕುತ್ತಿತ್ತು.

"ಏಯ್, ಅಳೋದಾದ್ರೆ ತಾಳಕ್ಕೆ ಸರಿಯಾಗಿ ಅಳು!" ಎಂದಳು ಓರ್ನಾ.

ಆ ಮಾತು ಅಟ್ರಾಕ್ಟಾಳದಲ್ಲ. ಓರ್ನಾಳ ಸ್ವಂತ ರಚನೆ. ಅಟ್ರಾಕ್ಟಾ ಮೆಚ್ಚಿ ತೊಡೆ ತಟ್ಟಿ ನಕ್ಕಳು. ಮಗು ಅಳು ನುಂಗಿಕೊಂಡು, ಬಲಪಾದದ ತುದಿಯನ್ನು ಮುಂದಿಟ್ಟು, ಅಪ್ಪಣೆಗಾಗಿ ಓರ್ನಾಳ ಬಾಯಿಯನ್ನೇ ನೋಡುತ್ತ ನಿಂತಿತು.